ಸಣ್ಣ ಜುಲ್ಮಾನೆಯೂ ದೊಡ್ಡ ನ್ಯಾಯವೂ

ರಸ್ತೆಯ ನಿಯಮವನ್ನು ಮೀರಿದವರಿಗೆ ಜುಲ್ಮಾನೆ ವಿಧಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಹಣವು ಅಲ್ಪವಾದುದರಿಂದ ತಪ್ಪು ಮಾಡಿದವರೂ ಮಾಡದವರೂ ಒಂದೇ ರೀತಿಯಾಗಿ ಅದನ್ನು ತೆತ್ತು, ನ್ಯಾಯಸ್ಥಾನದ ಮೆಟ್ಟಿಲು ಹತ್ತುವ ತೊಂದರೆ ತಪ್ಪಿತೆಂದು ಸಮಾಧಾನಗೊಳ್ಳುವರು. ಇಷ್ಟು ಚಿಕ್ಕ ವಿಷಯಕ್ಕಾಗಿ ವಾದಿಸುವುದು ಯುಕ್ತವೇ? ಇದಕ್ಕೆ ಉತ್ತರವನ್ನು ಇಂಗ್ಲೆಂಡಿನ ಒಂದು ಮೊಕದ್ದಮೆಯಿಂದ ಕಲಿಯೋಣ.

1923ರಲ್ಲಿ ಸಸೆಕ್ಸ್ ಪ್ರಾಂತದಲ್ಲಿ ಮೆಕಾರ್ಥಿ ಎಂಬ ಮೋಟಾರು ಸೈಕಲ್ ಸವಾರನು ರಸ್ತೆಯ ಅಪಘಾತವೊಂದರಲ್ಲಿ ಸಿಕ್ಕಿಕೊಂಡನು. ಅಪಾಯಕರವಾಗಿ ವಾಹನ ನಡೆಸಿದನೆಂದು ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆಗೆ ಗುರಿಪಡಿಸಿದರು. ಸಾಕ್ಷ್ಯವೆಲ್ಲಾ ಮುಗಿದ ಮೇಲೆ ಮ್ಯಾಜಿಸ್ಟ್ರೇಟರು ಆಲೋಚಿಸುವುದಕ್ಕಾಗಿ ಒಳಕೋಣೆಗೆ ಹೋದರು. ಕಾನೂನು ತಿಳಿದ ಗುಮಾಸ್ತನೂ ಅವರೊಡನೆ ಹೋದನು. ಹೊರಗೆ ಬಂದು ಮೆಕಾರ್ಥಿಯು ಅಪರಾಧಿಯೆಂದು ತೀರ್ಪಿತ್ತರು.

ಆ ಬಳಿಕ ಒಂದು ಸಂಗತಿಯು ಬೆಳಕಿಗೆ ಬಂದಿತು. ಅದೇ ಅಪಘಾತದ ನಷ್ಟಪರಿಹಾರಕ್ಕಾಗಿ ಮೆಕಾರ್ಥಿಯ ಎದುರು ಪಕ್ಷದವರ ಪರವಾಗಿ ಕೆಲಸ ಮಾಡುತ್ತಿದ್ದ ವಕೀಲರ ಸಂಸ್ಥೆಗೆ ಆ ಗುಮಾಸ್ತನು ಸೇರಿದವನಾಗಿದ್ದನು! ಮೆಕಾರ್ಥಿಯು ಸುಮ್ಮನಿರಲಿಲ್ಲ, ಮೇಲಿನ ನ್ಯಾಯಸ್ಥಾನಕ್ಕೆ ಮೊರೆಯಿಟ್ಟನು. ತಾವು ಗುಮಾಸ್ತನನ್ನು ಏನೂ ಕೇಳಲಿಲ್ಲವೆಂದು ಮ್ಯಾಜಿಸ್ಟ್ರೇಟರು ಪ್ರಮಾಣಮಾಡಿ ತಿಳಿಸಿದರು. ಮುಖ್ಯ ನ್ಯಾಯಾಧೀಶರಾದ ಲಾರ್ಡ್ ಹ್ಯೂವರ್ಟರು ಆ ಮಾತನ್ನು ಸುಳ್ಳೆನ್ನಲಿಲ್ಲ. ಆದರೂ ತೀರ್ಪನ್ನು ರದ್ದುಮಾಡಿದರು. ನ್ಯಾಯವು ನಡೆದರೆ ಮಾತ್ರ ಸಾಲದು, ಅದು ನಡೆಯಿತೆಂಬುದು ಎಲ್ಲರ ಕಣ್ಣಿಗೂ ನಿಸ್ಸಂದೇಹವಾಗಿ ಕಾಣಬೇಕೆಂಬುದು ಅವರ ನಿರ್ಣಯದ ಸಾರ. ಲೋಕಪ್ರಸಿದ್ಧವಾದ ಈ ತತ್ತ್ವವು ಹುಟ್ಟಿದ್ದು ರಾಜರ ವ್ಯಾಜ್ಯದಿಂದಲ್ಲ, ರಸ್ತೆಯ ಮೊಕದ್ದಮೆಯಿಂದ ಎಂಬುದನ್ನು ಗಮನಿಸಿರಿ.

ಇಲ್ಲಿ ಇನ್ನೆರಡು ಪಾಠಗಳಿವೆ. ಮೆಕಾರ್ಥಿಯು ನಿರಪರಾಧಿಯೆಂದು ಮೇಲಿನ ನ್ಯಾಯಸ್ಥಾನವು ಹೇಳಲಿಲ್ಲ. ತಪ್ಪಿದ್ದವನಿಗೂ ನಿಷ್ಪಕ್ಷಪಾತವಾದ ವಿಚಾರಣೆಯು ಸಲ್ಲತಕ್ಕದ್ದೆಂದು ಮಾತ್ರ ತೋರಿಸಿತು. ಎರಡನೆಯದಾಗಿ, ಆಕ್ಷೇಪಿಸುವ ಹಕ್ಕಿದೆಯೆಂದು ತಿಳಿದೂ ಅವನು ಮೊದಲೇ ಮೌನವಾಗಿದ್ದಿದ್ದರೆ ಆ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟಂತಾಗುತ್ತಿತ್ತು. ಆದುದರಿಂದ ಹೇಳಬೇಕಾದುದನ್ನು ಹೇಳಬೇಕಾದ ಹೊತ್ತಿನಲ್ಲಿಯೇ ಹೇಳಬೇಕು.

ನಮ್ಮ ದೇಶದಲ್ಲಿ ಇಂಥ ವಿಷಯಗಳಿಗೆ ಆಧಾರವಾಗಿರುವುದು 1988ರ ಮೋಟಾರು ವಾಹನ ಕಾಯಿದೆ. ಅನೇಕ ಸಣ್ಣ ಅಪರಾಧಗಳನ್ನು ಗೊತ್ತಾದ ಹಣ ಕಟ್ಟಿ ತೀರಿಸಿಕೊಳ್ಳಬಹುದು. ಮೊಕದ್ದಮೆಯು ನ್ಯಾಯಸ್ಥಾನಕ್ಕೆ ಬಂದರೆ, ಆಪಾದನೆಯು ಏನೆಂಬುದನ್ನು ಮ್ಯಾಜಿಸ್ಟ್ರೇಟರು ಮೊದಲು ವಿವರಿಸಿ, ಒಪ್ಪುವಿರೋ ಇಲ್ಲವೋ ಎಂದು ಕೇಳುವರು. ಒಪ್ಪದಿದ್ದರೆ ಸಾಕ್ಷ್ಯದಿಂದ ಅಪರಾಧವನ್ನು ರುಜುವಾತುಪಡಿಸುವ ಹೊಣೆಯು ಆಪಾದಿಸಿದವರದು. ಮತ್ತೊಂದು ಮಾತನ್ನು ಹೆಣ್ಣುಮಕ್ಕಳು ಅವಶ್ಯವಾಗಿ ನೆನಪಿಡಬೇಕು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಪ್ರಕರಣದಂತೆ, ಮೊಕದ್ದಮೆ ಹೂಡುವ ಅಥವಾ ಎದುರಿಸುವ ಸ್ತ್ರೀಯರು ತಮ್ಮ ವರಮಾನವೆಷ್ಟೇ ಇರಲಿ, ಉಚಿತವಾದ ಕಾನೂನು ನೆರವಿಗೆ ಅರ್ಹರು.

ಹಾಗಾದರೆ ನೋಟೀಸು ಕೈಗೆ ಬಂದಾಗ ಮಾಡತಕ್ಕದ್ದೇನು? ವಾಹನದ ಸಂಖ್ಯೆ, ದಿನ, ಹೊತ್ತು, ಸ್ಥಳ ಇವುಗಳನ್ನು ಸಾವಧಾನವಾಗಿ ಓದಿರಿ. ಚಿತ್ರವಿದ್ದರೆ ಅದು ನಿಮ್ಮ ವಾಹನವೇ ಎಂದು ನೋಡಿರಿ. ನಿಮ್ಮ ಕಡೆಯ ಕಾಗದಪತ್ರಗಳನ್ನು ಜೋಪಾನಮಾಡಿರಿ. ಗೊತ್ತಾದ ದಿನವನ್ನು ತಪ್ಪಿಸಬೇಡಿರಿ. ಆದರೆ ಎಲ್ಲಕ್ಕಿಂತ ಮೊದಲು ನಿಮ್ಮ ಅಂತಃಕರಣವನ್ನೇ ಕೇಳಿಕೊಳ್ಳಿರಿ. ತಪ್ಪು ನಡೆದಿದ್ದರೆ ಮರ್ಯಾದೆಯಿಂದ ಒಪ್ಪಿ ಹಣ ಕಟ್ಟುವುದೇ ಧರ್ಮ. ಸುಳ್ಳು ಹೇಳಿ ಗೆದ್ದವಳು ನಿಜವಾಗಿ ಸೋತವಳು. ತಪ್ಪು ನಡೆಯದಿದ್ದರೆ ಕೇವಲ ಅಂಜಿಕೆಯಿಂದ ಒಪ್ಪಿಕೊಳ್ಳುವುದೂ ಸತ್ಯಕ್ಕೆ ದೂರವೇ. ವಿನಯದಿಂದ ನಿಂತು, ಸ್ಪಷ್ಟವಾಗಿ ಮಾತನಾಡಿ, ತೀರ್ಪನ್ನು ಶಾಂತವಾಗಿ ಕೇಳುವವಳು ತನ್ನ ಹಕ್ಕನ್ನಲ್ಲದೆ ತನ್ನ ನೆರೆಯವರ ಹಕ್ಕನ್ನೂ ಕಾಪಾಡುವಳು.

ಅಭ್ಯಾಸ
1. ಮ್ಯಾಜಿಸ್ಟ್ರೇಟರು ಗುಮಾಸ್ತನನ್ನು ಕೇಳದಿದ್ದರೂ ತೀರ್ಪು ರದ್ದಾದುದೇಕೆ?
2. ಅಂಜಿಕೆಯಿಂದ ತಪ್ಪೊಪ್ಪಿಕೊಳ್ಳುವುದಕ್ಕೂ ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದಕ್ಕೂ ಇರುವ ಸಾಮ್ಯವನ್ನು ವಿವರಿಸಿರಿ.