ಬಟ್ಟೆಯ ಮೇಲೆ ನಮ್ಮ ಬಂಡಿ

ಉಡುಪು ಮಾನವನ ಮೂಲ ಅವಶ್ಯಕತೆಗಳಲ್ಲೊಂದು. ಆದರೆ ಮೈ ಮುಚ್ಚಿದ ಮಾತ್ರಕ್ಕೆ ಅವನು ತೃಪ್ತನಾಗಲಿಲ್ಲ. ತೊಟ್ಟ ಬಟ್ಟೆಯ ಮೇಲೆ ತನಗೆ ಪ್ರಿಯವಾದುದನ್ನು ಬರೆದನು, ಹೊಲಿದನು, ಅಚ್ಚೊತ್ತಿದನು. ಇತ್ತೀಚೆಗೆ ಕೊಪ್ಪಳ, ಗಂಗಾವತಿಗಳ ಬೀದಿಗಳಲ್ಲಿ ಸ್ವಂತ ಕಾರು, ಟ್ರ್ಯಾಕ್ಟರು ಇಲ್ಲವೆ ಮೋಟಾರು ಸೈಕಲ್ಲಿನ ಫೋಟೋ ಮುದ್ರಿಸಿದ ಟೀ-ಶರ್ಟು ತೊಟ್ಟ ತರುಣರು ಕಣ್ಣಿಗೆ ಬೀಳುವದುಂಟು. ಹಿರಿಯರು ಇದನ್ನು ಶೋಕಿ ಎಂದು ನಕ್ಕು ಬಿಡುತ್ತಾರೆ. ನಗುವ ಮುನ್ನ ಇದರ ಹಿಂದಿರುವ ಕಲೆ ಯಾವುದು, ಅದರ ಕ್ರಮವೇನು, ಅರ್ಥವೇನು ಎಂಬುದನ್ನು ವಿಚಾರಿಸುವದು ಯುಕ್ತವೆಂದು ತೋರಿ ಈ ಲೇಖನಕ್ಕೆ ಕೈಹಾಕಿದ್ದೇನೆ.

ಬಟ್ಟೆಯ ಮೇಲೆ ಬಂಡಿಯ ಚಿತ್ರ ಬಿಡಿಸುವದು ನಮ್ಮ ಸೀಮೆಗೆ ಹೊಸದಲ್ಲ. ಕುಷ್ಟಗಿಯಿಂದ ಇಳಕಲ್ಲು ದೂರವಿಲ್ಲ. ಇಳಕಲ್ಲ ಸೀರೆಯ ಮೇಲೆ ನಮ್ಮ ಹೆಣ್ಣುಮಕ್ಕಳು ಹಾಕುವ ಕಸೂತಿಯಲ್ಲಿ ಗೋಪುರ, ಆನೆ, ನವಿಲು, ತುಳಸಿ ವೃಂದಾವನಗಳೊಡನೆ ತೇರೂ ಪಲ್ಲಕ್ಕಿಯೂ ಬರುತ್ತವೆ. ಊರಿನ ತೇರೆಂದರೆ ಊರವರೆಲ್ಲರ ಸ್ವಂತ ಬಂಡಿಯಲ್ಲವೆ? ವರುಷಕ್ಕೊಮ್ಮೆ ಅದರ ಹಗ್ಗಕ್ಕೆ ಕೈ ಹಚ್ಚಿದವರು ಅದನ್ನು ಸೆರಗಿನ ಮೇಲೆ ಹೊತ್ತು ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತವೆ. ನೇಗಿ ನೇಯ್ದಂತೆ ಕಾಣುತ್ತದೆ; ಮೆಂತಿ ಅಡ್ಡ ಹೊಲಿಗೆ. ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಕಸೂತಿ ಹಾಕುವವಳು ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ತೇರಿನ ಗಾಲಿ, ಕಳಸಗಳನ್ನು ಮೂಡಿಸುತ್ತಾಳೆ. ಈ ಎಣಿಕೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮಗೆ ಉಪಯೋಗಕ್ಕೆ ಬರುತ್ತದೆ.

ಬಣ್ಣದ ಕೆಲಸಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ಕೊಪ್ಪಳ ತಾಲೂಕಿನ ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗೊಂಬೆ, ದೇವರ ಮೂರ್ತಿ, ವಾಹನಗಳನ್ನು ಕೆತ್ತಿ ಬಣ್ಣ ಹಚ್ಚುವದರಲ್ಲಿ ಹೆಸರಾದವರು. ಅವರ ಕಲೆ ವಿಜಯನಗರದ ಕಾಲದಿಂದ ಬಂದುದೆಂದು ಹೇಳಿಕೆಯಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯ ಚಿತ್ರವಿದೆ. ಅಲ್ಲಿಯದೇ ವಿಠ್ಠಲ ದೇವಾಲಯದ ಕಲ್ಲಿನ ರಥವು 2017ರಲ್ಲಿ ಬಂದ ಹೊಸ 50 ರೂಪಾಯಿಯ ನೋಟಿನ ಮೇಲೆ ಅಚ್ಚಾಗಿದೆ. ಹೀಗೆ ನಮ್ಮ ಸೀಮೆಯ ಒಂದು ಬಂಡಿಯ ಚಿತ್ರವನ್ನು ಇಡೀ ಭಾರತವೇ ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತಿದೆ ಎಂದರೆ ತಪ್ಪಾಗದು.

ಆದುದರಿಂದ ಬಯಕೆ ಹಳೆಯದು, ಸಾಧನ ಮಾತ್ರ ಹೊಸದು. ಛಾಯಾಚಿತ್ರಣವು 1839ರಲ್ಲಿ ಲೋಕಕ್ಕೆ ಪ್ರಕಟವಾಯಿತು. ರೇಶಿಮೆಯ ಪರದೆಯ ಮೂಲಕ ಬಣ್ಣ ಹಾಯಿಸಿ ಮುದ್ರಿಸುವ ಕ್ರಮಕ್ಕೆ ಇಂಗ್ಲೆಂಡಿನ ಸ್ಯಾಮ್ಯುವೆಲ್ ಸೈಮನ್ ಎಂಬುವನು 1907ರಲ್ಲಿ ಹಕ್ಕುಪತ್ರ ಪಡೆದನು. ಟೀ-ಶರ್ಟೆಂಬುದು ಮೊದಲಿಗೆ ಅಮೆರಿಕೆಯ ನೌಕಾದಳದವರ ಒಳಅಂಗಿಯಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಹೊರ ಉಡುಪಾಯಿತು. ಈ ಮೂರು ಹೊಳೆಗಳು ಕೂಡಿದ ಸಂಗಮವೇ ಇಂದಿನ ಫೋಟೋ ಅಂಗಿ.

ಈಗ ಮುದ್ರಣದ ಕ್ರಮಗಳನ್ನು ನೋಡೋಣ. ಮುಖ್ಯವಾದವು ಮೂರು.

ಮೊದಲನೆಯದು ಪರದೆಯ ಮುದ್ರಣ. ಇದರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ ಬೇಕು. ಪರದೆಗೆ 500 ರೂಪಾಯಿ ತಗಲುವದೆಂದು ಹಿಡಿಯೋಣ. ನಾಲ್ಕು ಬಣ್ಣಕ್ಕೆ 2000 ರೂಪಾಯಿ ಆಯಿತು. ಒಂದೇ ಅಂಗಿ ಮಾಡಿಸಿದರೆ ಆ 2000 ರೂಪಾಯಿಯೂ ಅದರ ತಲೆಯ ಮೇಲೆಯೇ ಬೀಳುವದು. 200 ಅಂಗಿ ಮಾಡಿಸಿದರೆ ತಲಾ 10 ರೂಪಾಯಿ ಮಾತ್ರ. ಆದ್ದರಿಂದ ಇದು ಸಂಘ ಸಂಸ್ಥೆಗಳಿಗೆ ಯೋಗ್ಯವೇ ಹೊರತು ಒಬ್ಬನ ಒಂದು ಬಂಡಿಗಲ್ಲ.

ಎರಡನೆಯದು ಸಬ್ಲಿಮೇಶನ್. ಕರ್ಪೂರವು ಕರಗಿ ನೀರಾಗದೆ ನೇರವಾಗಿ ಆವಿಯಾಗುವದನ್ನು ನಾವೆಲ್ಲ ಬಲ್ಲೆವು. ಇಲ್ಲಿಯ ಬಣ್ಣವೂ ಹಾಗೆಯೇ. ಕಾಗದದ ಮೇಲೆ ಚಿತ್ರವನ್ನು ತಿರುಗಾಮುರುಗಾ ಮುದ್ರಿಸಿ, ಬಟ್ಟೆಯ ಮೇಲಿಟ್ಟು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದು ನಿಮಿಷದ ಹೊತ್ತು ಒತ್ತುತ್ತಾರೆ. ಬಣ್ಣವು ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಹೊಕ್ಕು ನಿಲ್ಲುತ್ತದೆ. ಮುಟ್ಟಿದರೆ ಚಿತ್ರವಿದೆಯೆಂದೇ ತಿಳಿಯದು, ಒಗೆದರೆ ಹೋಗದು. ಆದರೆ ಹತ್ತಿಯ ಎಳೆ ಈ ಬಣ್ಣವನ್ನು ಹಿಡಿಯಲಾರದು. ಇನ್ನೊಂದು ಮಿತಿಯೆಂದರೆ ಇದರಲ್ಲಿ ಬಿಳಿಯ ಬಣ್ಣವೇ ಇಲ್ಲ. ಬಟ್ಟೆಯ ಬಿಳುಪೇ ಚಿತ್ರದ ಬಿಳುಪು. ಆದ್ದರಿಂದ ಬಿಳಿಯ ಇಲ್ಲವೆ ತೀರ ತಿಳಿ ಬಣ್ಣದ ಬಟ್ಟೆಯೇ ಬೇಕು.

ಮೂರನೆಯದು ಡಿಟಿಎಫ್, ಅಂದರೆ ಹಾಳೆಯ ಮುದ್ರಣ. ಪಾರದರ್ಶಕ ಹಾಳೆಯ ಮೇಲೆ ಚಿತ್ರ ಮುದ್ರಿಸಿ, ಅದರ ಬೆನ್ನಿಗೆ ಬಿಳಿಯ ಬಣ್ಣದ ಒಂದು ಪದರು ಕೊಟ್ಟು, ಅಂಟಿನ ಪುಡಿ ಉದುರಿಸಿ ಕಾಸುತ್ತಾರೆ. ಬಳಿಕ ಅದನ್ನು ಬಟ್ಟೆಯ ಮೇಲೆ ಬಿಸಿಯಾಗಿ ಒತ್ತಿ ಹಾಳೆಯನ್ನು ಸುಲಿದು ತೆಗೆಯುತ್ತಾರೆ. ಹತ್ತಿಯಾಗಲಿ ಪಾಲಿಯೆಸ್ಟರ್ ಆಗಲಿ, ಕಪ್ಪಾಗಲಿ ಬಿಳಿಯಾಗಲಿ, ಎಲ್ಲಕ್ಕೂ ಇದು ಒಗ್ಗುತ್ತದೆ. ಆದರೆ ಚಿತ್ರವು ಬಟ್ಟೆಯ ಮೇಲೆ ತೆಳುವಾದ ತೊಗಲಿನಂತೆ ಕುಳಿತಿರುವದರಿಂದ ಅಲ್ಲಿ ಗಾಳಿಯಾಡುವದಿಲ್ಲ. ಒರಟಾಗಿ ಒಗೆದರೆ ಬಿರಿಯುವದುಂಟು. ನಮ್ಮ ತಾಯಂದಿರು ಒಗೆಯುವ ಕಲ್ಲಿನ ಮೇಲೆ ಬಡಿಯುವ ಬಡಿತವನ್ನು ಇದು ತಾಳಲಾರದು. ಅಂಗಿಯನ್ನು ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಕೈಯಿಂದ ತಿಕ್ಕಿ, ನೆರಳಿನಲ್ಲಿ ಒಣಗಿಸಬೇಕು. ಚಿತ್ರದ ಮೇಲೆ ನೇರವಾಗಿ ಇಸ್ತ್ರಿ ಒತ್ತಬಾರದು.

ಇನ್ನು ಫೋಟೋದ ವಿಚಾರ. ಇಲ್ಲಿ ಕಸೂತಿಯ ಎಣಿಕೆ ನೆನಪಿಗೆ ಬರಬೇಕು. ಅಂಗುಲಕ್ಕೆ 30 ಎಳೆಯಿರುವ ಬಟ್ಟೆಯಲ್ಲಿ 3 ಅಂಗುಲದ ತೇರಿಗೆ ಅಡ್ಡವಾಗಿ ದೊರೆಯುವವು 90 ಎಳೆಗಳು. ಅಷ್ಟರಲ್ಲಿಯೇ ಗಾಲಿ, ಗಡ್ಡೆ, ಕಳಸ ಎಲ್ಲ ಅಡಕವಾಗಬೇಕು. ಮೊಬೈಲಿನ ಫೋಟೋವೂ ಇಂಥ ಚುಕ್ಕೆಗಳ ಲೆಕ್ಕವೇ. 12 ಮೆಗಾಪಿಕ್ಸೆಲ್ಲಿನ ಫೋಟೋ ಎಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳು. ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆ ಉತ್ತಮ. ಬಟ್ಟೆಯ ಮೇಲೆ 150 ಇದ್ದರೂ ನಡೆಯುತ್ತದೆ. 10 ಅಂಗುಲ ಅಗಲದ ಚಿತ್ರಕ್ಕೆ ಹಾಗಾದರೆ 1500ರಿಂದ 3000 ಚುಕ್ಕೆ ಬೇಕು. ದೂರ ನಿಂತು ಫೋಟೋ ತೆಗೆದು, ಬಂಡಿಯು ಅದರ ಅಗಲದಲ್ಲಿ ಕಾಲು ಪಾಲು ಮಾತ್ರ ಇದ್ದರೆ ನಮಗೆ ಸಿಗುವವು 1000 ಚುಕ್ಕೆ, ಅಂದರೆ ಅಂಗುಲಕ್ಕೆ 100. ಚಿತ್ರ ಮಸುಕಾಗುವದು ಖಂಡಿತ. ಆದ್ದರಿಂದ ಬಂಡಿಯು ಚೌಕಟ್ಟನ್ನು ತುಂಬುವಂತೆ ತೆಗೆಯಬೇಕು. ಅಂಗಡಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚುಕ್ಕೆಗಳು ಕಡಿಮೆಯಾಗುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದುದು ಇದ್ದಂತೆ ಹೋಗುತ್ತದೆ.

ಬೆಳಕು ಮುಂಜಾನೆಯದಿರಲಿ. ನಮ್ಮ ಸೀಮೆಯ ಮಧ್ಯಾಹ್ನದ ಬಿಸಿಲು ಬಂಡಿಯ ತಗಡನ್ನು ಕನ್ನಡಿಯಂತೆ ಹೊಳೆಯಿಸಿ, ಗಾಲಿಗಳನ್ನು ಕತ್ತಲೆಯಲ್ಲಿ ಮುಳುಗಿಸುತ್ತದೆ. ನೇರ ಎದುರಿನಿಂದ ತೆಗೆಯದೆ ಓರೆಯಾಗಿ ನಿಂತು, ಮುಖವೂ ಒಂದು ಮಗ್ಗುಲೂ ಕಾಣುವಂತೆ, ಹೆಡ್‌ಲೈಟಿನ ಎತ್ತರಕ್ಕೆ ಬಗ್ಗಿ ತೆಗೆದರೆ ಬಂಡಿಗೆ ಗಾಂಭೀರ್ಯ ಬರುತ್ತದೆ. ಹಿನ್ನೆಲೆಯಲ್ಲಿ ಕಂಬ, ತಂತಿ, ತಿಪ್ಪೆ ಬಾರದಂತೆ ನೋಡಿಕೊಳ್ಳಬೇಕು. ಚಿತ್ರವನ್ನು ಎದೆಯ ಮೇಲೆ, ಕೊರಳಪಟ್ಟಿಯಿಂದ ಮೂರು ನಾಲ್ಕು ಬೆರಳು ಕೆಳಗೆ ಕೂಡಿಸಬೇಕು. ಹೊಟ್ಟೆಯ ಮೇಲೆ ಇಳಿದರೆ ಕುಳಿತಾಗ ಬಂಡಿ ಮುದುಡಿಕೊಳ್ಳುತ್ತದೆ. ಅಕ್ಷರ ಬರೆಯಿಸುವದಾದರೆ ಒಂದೇ ಸಾಲು ಸಾಕು.

ಇದೆಲ್ಲ ಪುಸ್ತಕದ ಮಾತಾಗಬಾರದೆಂದು ನಾನು ಮಾಡಿಸಿದ ಒಂದು ಅಂಗಿಯ ಸಂಗತಿಯನ್ನು ಹೇಳುತ್ತೇನೆ. ನಮ್ಮದು ಯಲಬುರ್ಗಾ ತಾಲೂಕಿನ ಹಳ್ಳಿ. ನಮ್ಮ ತಂದೆಯವರು 11 ವರುಷ ಮೂರು ಗಾಲಿಯ ಟಂಟಂ ಹೊಡೆದು ಕೊಪ್ಪಳದ ಪೇಟೆಗೆ ತರಕಾರಿ ಹೇರಿದರು. ಅಕ್ಕನ ಮದುವೆಯೂ ನನ್ನ ಓದೂ ಅದರ ಮೂರು ಗಾಲಿಗಳ ಮೇಲೆಯೇ ನಡೆದವು. ಅವರ ಕಾಲುನೋವು ಹೆಚ್ಚಾದ್ದರಿಂದ ಹೋದ ವರುಷ ಗಾಡಿಯನ್ನು ಮಾರಬೇಕಾಯಿತು. ಒಯ್ಯುವವರು ಬರುವ ಮುಂಜಾನೆ, ಮನೆಯ ಮುಂದಿನ ಕಣಕಿಯ ಬಣವಿಯ ಎದುರು ಅದನ್ನು ನಿಲ್ಲಿಸಿ ನಾನು ಫೋಟೋ ತೆಗೆದೆನು. ಗಾಡಿ ಬಿಳಿಯದು, ಬಿಳಿಯ ಬಟ್ಟೆಯ ಮೇಲೆ ಅದು ಕಾಣದು. ತಂದೆಯವರು ಹತ್ತಿಯನ್ನಲ್ಲದೆ ಬೇರೆ ತೊಡುವದಿಲ್ಲ. ಈ ಎರಡು ಕಾರಣಗಳಿಂದ ಕಡುನೀಲಿ ಹತ್ತಿಯ ಅಂಗಿಯನ್ನೂ ಹಾಳೆಯ ಮುದ್ರಣವನ್ನೂ ಆರಿಸಿದೆನು. ಅಂಗಡಿಯ ತರುಣನು ಎಡಮಗ್ಗುಲಿನ ತಗ್ಗನ್ನೂ ಬಾಗಿಲ ಕೆಳಗಿನ ತುಕ್ಕನ್ನೂ ಗಣಕದಲ್ಲಿ ಅಳಿಸಿ ಹೊಸದರಂತೆ ಮಾಡಿಕೊಡುವೆನೆಂದನು. ನಾನು ಬೇಡವೆಂದೆನು. ಆ ತಗ್ಗು ಬಿದ್ದ ದಿನವನ್ನು ನಮ್ಮ ಮನೆಯವರೆಲ್ಲ ಬಲ್ಲರು. ಅದನ್ನು ಅಳಿಸಿದರೆ ಅದು ಯಾರದೋ ಗಾಡಿಯಾಗುತ್ತಿತ್ತು.

ಅಂಗಿಯನ್ನು ಕೈಗಿಟ್ಟಾಗ ತಂದೆಯವರು, "ಗಾಡೀನ ಇಲ್ಲಂದ ಮ್ಯಾಲೆ ಅದರ ಅಂಗಿ ಹಾಕ್ಕೊಂಡು ಏನ್ ಮಾಡ್ಲೋ ತಮ್ಮಾ?" ಎಂದು ಮಡಿಚಿ ಪೆಟ್ಟಿಗೆಯಲ್ಲಿಟ್ಟರು. ಆದರೆ ಜನವರಿಯ ಗವಿಸಿದ್ಧೇಶ್ವರ ಜಾತ್ರೆಗೆ ಹೊರಟಾಗ ಅದನ್ನೇ ತೊಟ್ಟಿದ್ದರು. ತೇರಿನ ಗದ್ದಲದಲ್ಲಿ ಪೇಟೆಯ ಹಮಾಲನೊಬ್ಬನು ಮುಖ ನೋಡುವ ಮೊದಲು ಎದೆ ನೋಡಿ, "ಅದ ನಿನ್ನ ಗಾಡಿ ಅಲ್ಲೇನೋ ಮಾವಾ?" ಎಂದು ಕೂಗಿ ಬಂದು ಕೈ ಹಿಡಿದನು. ಗಾಡಿ ಹೋದ ಮೇಲೆ ಅವರನ್ನು ಆ ಹೆಸರಿನಿಂದ ಗುರುತಿಸಿದವರು ಅವನೇ ಮೊದಲಿಗನು.

ಕೆಲವು ಕಾನೂನಿನ ಮಾತುಗಳನ್ನೂ ಇಲ್ಲಿ ಹೇಳಬೇಕು. ನಮ್ಮ ಜಿಲ್ಲೆಯ ಬಂಡಿಗಳ ಸಂಖ್ಯೆ ಕೆಎ 37ರಿಂದ ಮೊದಲಾಗುತ್ತದೆ. ಪೂರ್ತಿ ಸಂಖ್ಯೆಯನ್ನು ಎದೆಯ ಮೇಲೆ ಹೊತ್ತು ತಿರುಗುವದು ಜಾಣತನವಲ್ಲ. ಕೆಎ 37 ಎಂದಷ್ಟೇ ಉಳಿಸಿದರೆ ಊರಿನ ಅಭಿಮಾನವೂ ಉಳಿಯಿತು, ಗುಟ್ಟೂ ಉಳಿಯಿತು. ಫೋಟೋವನ್ನು ಬೇರೆಯವರು ತೆಗೆದಿದ್ದರೆ ಅವರ ಒಪ್ಪಿಗೆ ಕೇಳಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಕಾರು ತಯಾರಿಸುವ ಕಂಪನಿಯ ಚಿಹ್ನೆಯನ್ನು ದೊಡ್ಡದಾಗಿ ಹಾಕಿ ಅಂಗಿ ಮಾರಲು ಹೊರಟರೆ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ ತೊಡಕು ಬಂದೀತು. ಈ ಕೆಲಸವನ್ನು ಸ್ವಂತ ಉದ್ಯೋಗವಾಗಿ ಮಾಡಬಯಸುವ ಸಹಪಾಠಿಗಳು ಇದನ್ನು ಮರೆಯಬಾರದು.

ಕೊನೆಗೆ ಶೋಕಿಯ ಮಾತು. ಸಾಲದ ಕಾರನ್ನು ಎದೆಯ ಮೇಲೆ ಮೆರೆಸಿ, ಇಲ್ಲದವರನ್ನು ಕೀಳಾಗಿ ಕಾಣುವದಾದರೆ ಅದು ಶೋಕಿಯೇ ಸರಿ. ಹಿರಿಯರ ನಗೆ ನ್ಯಾಯವಾದದ್ದು. ಆದರೆ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ರೈತನನ್ನು ಯಾರೂ ಶೋಕಿಯವನೆನ್ನುವದಿಲ್ಲ. ಅವನು ತನ್ನ ದುಡಿಮೆಯ ಜೊತೆಗಾರನನ್ನು ಸಿಂಗರಿಸುತ್ತಾನೆ. ಗಂಗಾವತಿಯ ಗದ್ದೆಯಲ್ಲಿ ಕೆಸರು ತುಳಿಯುವ ಟ್ರ್ಯಾಕ್ಟರು, ಕುಷ್ಟಗಿಯ ಹೆದ್ದಾರಿಯಲ್ಲಿ ರಾತ್ರಿ ಓಡುವ ಲಾರಿ, ಹಾಲಿನ ಕ್ಯಾನು ಹೊತ್ತ ಸೈಕಲ್ಲು, ಅಜ್ಜನ ಎತ್ತಿನ ಬಂಡಿ, ಇವೆಲ್ಲ ಇಂಥ ಜೊತೆಗಾರರೇ. ಕಾರೇ ಇರಬೇಕೆಂಬ ನಿಯಮವಿಲ್ಲ. ಅಂಗಿಯ ಮೇಲೆ ಯಾವ ಬಂಡಿಯನ್ನು ಹಾಕಬೇಕೆಂದು ಕೇಳುವ ಗೆಳೆಯರಿಗೆ ನನ್ನ ಉತ್ತರವಿಷ್ಟೆ: ಅದರ ಬೆಲೆಯನ್ನು ನೋಡಬೇಡಿರಿ, ನಿಮ್ಮ ಮನೆಯ ಭಾರವನ್ನು ಅದು ಎಷ್ಟು ಹೊತ್ತಿದೆ ಎಂಬುದನ್ನು ನೋಡಿರಿ.