ರೂಟರ್ ಯಾವ ವಿಳಾಸದಿಂದ ಟೈಮ್ ಕೇಳುತ್ತದೆ?

ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ನೆಟ್‌ವರ್ಕ್ ಕೆಲಸ ಮಾಡುವವರಿಗೆ ಜೆಸಿಬಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಪೈಪ್‌ಲೈನಿಗೆಂದು ನೆಲ ಅಗೆದರೆ ಸಾಕು, ಫೈಬರ್ ತುಂಡು. ಅದಕ್ಕೇ ನಾನು ನೋಡಿಕೊಳ್ಳುತ್ತಿದ್ದ ಔಷಧಿ ಕಾರ್ಖಾನೆಯ ರೂಟರ್‌ಗೆ ಎರಡು ದಾರಿ: ಮೊದಲು ಫೈಬರ್, ಅದು ಹೋದರೆ 4ಜಿ ಮೇಲಿನ ವಿಪಿಎನ್.

ಒಮ್ಮೆ ಫೈಬರ್ ಕಡಿಯಿತು. ಕೆಲಸ 4ಜಿಯಲ್ಲಿ ಸಾಗಿತು, ಯಾರೂ ದೂರಲಿಲ್ಲ. ಫೈಬರ್ ಕೂಡಿಸುವ ಮುಂಚೆಯೇ ಕರೆಂಟ್ ಹೋಗಿ ಬಂತು. ಗೇಟಿನ ಸೆಕ್ಯೂರಿಟಿಯವರು ಫೋನ್ ಮಾಡಿದರು: “ಸರ, ಪಂಚಿಂಗ್ ಮಷೀನ್‌ದಾಗ ಒಂದು ಟೈಮ್ ಅದ, ಕ್ಯಾಮೆರಾದಾಗ ಇನ್ನೊಂದು ಅದ. ಯಾವ್ದು ಬರ್ಕೋಬೇಕ್ರಿ?”

ರೂಟರ್‌ನ ಲಾಗ್‌ನಲ್ಲಿ 1993ರ ಮಾರ್ಚ್ 1! ಬ್ಯಾಟರಿ ಗಡಿಯಾರವಿಲ್ಲದ ಹಳೆಯ ಸಿಸ್ಕೊ ರೂಟರ್ ಎದ್ದಾಗ ಎಣಿಕೆ ಶುರುವಾಗುವುದೇ ಆ ತಾರೀಖಿನಿಂದ. ತನಗೇ ಟೈಮ್ ಸಿಗದ ರೂಟರನ್ನು, ಅದರಿಂದ ಟೈಮ್ ಪಡೆಯುವ ಕ್ಯಾಮೆರಾಗಳೂ ನಂಬುವುದಿಲ್ಲ, ತಮ್ಮ ಪಾಡಿಗೆ ಓಡುತ್ತವೆ. ಬ್ಯಾಚ್ ದಾಖಲೆಯಲ್ಲಿ ನಿಮಿಷ ನಿಮಿಷಕ್ಕೂ ಲೆಕ್ಕ ಕೊಡಬೇಕಾದ ಔಷಧಿ ಕಾರ್ಖಾನೆಗೆ ಇದು ಸಣ್ಣ ಮಾತಲ್ಲ.

ಹೆಡ್ ಆಫೀಸಿನ ಟೈಮ್ ಸರ್ವರ್‌ಗೆ ಪಿಂಗ್ ಚೆನ್ನಾಗಿಯೇ ಹೋಗುತ್ತಿತ್ತು. ಆದರೆ ಟೈಮ್ ಕೇಳುವ ಪದ್ಧತಿಯಾದ ಎನ್‌ಟಿಪಿಯ ಸ್ಥಿತಿ ನೋಡಲು ‘ಶೋ ಎನ್‌ಟಿಪಿ ಅಸೋಸಿಯೇಷನ್ಸ್’ ಕೊಟ್ಟರೆ ‘ರೀಚ್’ ಕಾಲಂನಲ್ಲಿ ಸೊನ್ನೆ. ತಲೆ ಕೆಡಿಸಿದ್ದು ಇದೇ. ನಾವು ಬೇರೆ ಹೇಳದಿದ್ದರೆ ರೂಟರ್ ತನ್ನ ಎನ್‌ಟಿಪಿ ಪ್ಯಾಕೆಟ್‌ಗೆ, ಅದು ಹೊರಡುವ ಇಂಟರ್‌ಫೇಸಿನ ವಿಳಾಸವನ್ನೇ ಹಾಕುತ್ತದೆ. ಯಾರಿಗೆ ಉತ್ತರಿಸಬೇಕೆಂಬ ಸರ್ವರ್‌ನ ಪಟ್ಟಿಯಲ್ಲಿದ್ದದ್ದು ಫೈಬರ್ ಕಡೆಯ ವಿಳಾಸ ಮಾತ್ರ. ವಿಪಿಎನ್ ವಿಳಾಸದಿಂದ ಬಂದ ಪ್ರಶ್ನೆಯನ್ನು ಅದು ಸದ್ದಿಲ್ಲದೆ ಬಿಸಾಕುತ್ತಿತ್ತು. ಯುಡಿಪಿ 123ನೇ ಪೋರ್ಟಿನ ವ್ಯವಹಾರ, ಬೇಡವೆಂದೂ ಹೇಳುವುದಿಲ್ಲ.

ಪರಿಹಾರ ಒಂದೇ ಸಾಲು: ‘ಎನ್‌ಟಿಪಿ ಸೋರ್ಸ್ ಲೂಪ್‌ಬ್ಯಾಕ್ 0’. ಲೂಪ್‌ಬ್ಯಾಕ್ ರೂಟರ್‌ನೊಳಗಿನ ಕಾಲ್ಪನಿಕ ಇಂಟರ್‌ಫೇಸ್; ಅದಕ್ಕೆ ತಂತಿಯಿಲ್ಲ, ಜೆಸಿಬಿಯ ಭಯವೂ ಇಲ್ಲ. ಪ್ಯಾಕೆಟ್ ಯಾವ ದಾರಿ ಹಿಡಿದರೂ ವಿಳಾಸ ಅದೇ. ಆದರೆ ಆ ಒಂದು ಸಾಲು ಬರೆದು ಎದ್ದು ಹೋದರೆ ಟೈಮ್ ಬರುವುದಿಲ್ಲ. ಸರ್ವರ್‌ನ ಪಟ್ಟಿಗೆ ಲೂಪ್‌ಬ್ಯಾಕ್ ವಿಳಾಸ ಸೇರಬೇಕು, ಉತ್ತರ ಅಲ್ಲಿಗೆ ಮರಳಲು ಎರಡೂ ದಾರಿಯಲ್ಲಿ ರೂಟ್ ಇರಬೇಕು. ಇಂಟರ್ನೆಟ್ಟಿನ ಸರ್ವರನ್ನೇ ನೇರ ಕೇಳುವ ಕಡೆ ಖಾಸಗಿ ವಿಳಾಸದ ಲೂಪ್‌ಬ್ಯಾಕ್ ಹಾಕಿದರೆ, ನ್ಯಾಟ್ ಆಗದ ಹೊರತು ಉತ್ತರ ಬಾರದು.

ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಗಡಿಯಾರ ಹೊಂದಿಸಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದ ಮೇಲೆ ‘ಯಾರನ್ನು ಕೇಳುತ್ತೀರಿ’ ಎಂದು ಆಡಿಟ್‌ನವರು ವಿಚಾರಿಸುತ್ತಾರೆ. ಯಾವ ವಿಳಾಸದಿಂದ ಕೇಳುತ್ತೀರಿ ಎಂದು ನನ್ನನ್ನು ಯಾರೂ ಕೇಳಿಲ್ಲ.

ಈಗ ಕೆಲಸ ಒಪ್ಪಿಸುವ ಮುಂಚೆ ನಾನೇ ಫೈಬರ್ ಕಿತ್ತು ಕೂರುತ್ತೇನೆ. ‘ರೀಚ್’ 377 ಇದ್ದರೆ ಕೊನೆಯ ಎಂಟೂ ಪ್ರಶ್ನೆಗೆ ಉತ್ತರ ಬಂದಿದೆ ಎಂದರ್ಥ. ಕೊನೆಯದೊಂದು ತಪ್ಪಿದರೆ 376, ಕೊನೆಯ ಎರಡೂ ತಪ್ಪಿದರೆ 374. ಪ್ರಶ್ನೆ ಪ್ರಶ್ನೆಯ ನಡುವೆ ಸಾಮಾನ್ಯವಾಗಿ ಕಡಿಮೆಯೆಂದರೂ 64 ಸೆಕೆಂಡ್, ಹಾಗಾಗಿ ಒಂದು ಚಹಾ ಆಗುವಷ್ಟು ಹೊತ್ತು ಕಾಯಲೇಬೇಕು.