ದಾರದಿಂದ ಅಳೆದ ವಿಮಾನದ ದಾರಿ: ಒಂದು ಅಭ್ಯಾಸ ಪಾಠದ ಅನುಭವ

ಹತ್ತನೇ ತರಗತಿಯ ‘ಕಂಸದ ಉದ್ದ’ ಪಾಠಕ್ಕೆ ಉದಾಹರಣೆಯಾಗಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇರುವ ವಿಮಾನದ ದೂರವನ್ನು ಆರಿಸಿಕೊಂಡಿದ್ದೆ. ಪೀಠಿಕೆಯಲ್ಲಿ ಗೋಡೆಯ ಪ್ರಪಂಚ ನಕ್ಷೆಯ ಮೇಲೆ ಎರಡು ಊರುಗಳ ನಡುವೆ ದಾರ ಎಳೆದು ಅಳೆದೆ. ದಾರ ಅರಬ್ಬೀ ಸಮುದ್ರ, ಸಹಾರಾ, ಅಟ್ಲಾಂಟಿಕ್ ದಾಟಿ ಹೋಯಿತು. ನಕ್ಷೆಯ ಪ್ರಮಾಣದಿಂದ ಲೆಕ್ಕ ಹಾಕಿ ಕರಿಹಲಗೆಯ ಮೇಲೆ ‘ಸುಮಾರು 22,000 ಕಿ.ಮೀ.’ ಎಂದು ಬರೆದೆ.

ಎರಡನೇ ಬೆಂಚಿನ ಹುಡುಗಿ ಎದ್ದು, “ಮೇಡಂ, ನಮ್ಮ ಮಾವ ಅಲ್ಲಿಂದ ಬರುವಾಗ ಕೆಳಗೆಲ್ಲ ಬರೀ ಹಿಮ ಇತ್ತಂತೆ” ಎಂದಳು. ನನ್ನ ಪಾಠಯೋಜನೆಯಲ್ಲಿ ಹಿಮಕ್ಕೆ ಜಾಗವಿರಲಿಲ್ಲ. “ಅದು ಬೇರೆ ದಾರಿ ಇರಬೇಕು, ಕೂತ್ಕೋ” ಎಂದುಬಿಟ್ಟೆ. ಆ ಅವಧಿಯಲ್ಲಿ ಅವಳು ಮತ್ತೆ ಕೈ ಎತ್ತಲಿಲ್ಲ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ‘ಭೂಮಿಯ ಸುತ್ತಳತೆ ಎಷ್ಟು?’

ಸುಮಾರು 40,000 ಕಿ.ಮೀ. ಹಾಗಾದರೆ ಭೂಮಿಯ ಮೇಲಿನ ಯಾವ ಎರಡು ಸ್ಥಳಗಳ ನಡುವೆಯೂ ಅತಿ ಹತ್ತಿರದ ದಾರಿ ಅದರ ಅರ್ಧವನ್ನು, ಅಂದರೆ 20,000 ಕಿ.ಮೀ.ಯನ್ನು, ಮೀರುವಂತಿಲ್ಲ. ನಾನು ಬರೆದದ್ದು ಬರೀ ತಪ್ಪಲ್ಲ, ಅಸಾಧ್ಯವಾದ ಉತ್ತರ. ಬಿ.ಎಸ್ಸಿ. ಗಣಿತ ಓದುತ್ತಿರುವವಳಿಗೆ ಇದು ಹೊಳೆಯದೇ ಹೋದದ್ದು ಈಗಲೂ ನಾಚಿಕೆ ತರುತ್ತದೆ.

ಮರುದಿನ ಮೊದಲು ತಪ್ಪು ಒಪ್ಪಿಕೊಂಡೆ. 30 ಸೆಂ.ಮೀ. ವ್ಯಾಸದ ಗ್ಲೋಬ್ ತಂದು, ದಾರದ ಒಂದು ತುದಿಯನ್ನು ಅದೇ ಹುಡುಗಿಯ ಕೈಗೆ ಕೊಟ್ಟೆ. ಮಕ್ಕಳೇ ಸುತ್ತಳತೆ 94 ಸೆಂ.ಮೀ. ಎಂದು ಕಂಡುಹಿಡಿದರು, 1 ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ಗೋಡೆ ನಕ್ಷೆಯ ದಾರಿಯನ್ನೇ ಗ್ಲೋಬಿನ ಮೇಲೆ ಅನುಸರಿಸಿದಾಗ 47 ಸೆಂ.ಮೀ. ದಾರ ಬೇಕಾಯಿತು. ಬಿಗಿಯಾಗಿ ಎಳೆದಾಗ ದಾರ ತಾನಾಗಿ ಉತ್ತರಕ್ಕೆ ಜಾರಿ ಟಿಬೆಟ್, ಸೈಬೀರಿಯ, ಅಲಾಸ್ಕಗಳ ಮೇಲೆ ಕೂತಿತು: 33 ಸೆಂ.ಮೀ. “ಹಿಮ!” ಎಂದು ಯಾರೋ ಕೂಗಿದರು.

ಚಪ್ಪಟೆ ನಕ್ಷೆ ಇದನ್ನು ತೋರಿಸದಿರಲು ಕಾರಣವಿದೆ. ಧ್ರುವ ಒಂದು ಬಿಂದು. ನಕ್ಷೆಯಲ್ಲಿ ಅದು ಸಮಭಾಜಕ ವೃತ್ತದಷ್ಟೇ ಉದ್ದದ ಗೆರೆಯಾಗಿ ಹಿಗ್ಗುತ್ತದೆ.

ಆಮೇಲೆ ಸೂತ್ರ. ಭೂಕೇಂದ್ರದಲ್ಲಿ ಎರಡು ನಿಲ್ದಾಣಗಳ ನಡುವಿನ ಕೋನ ಸುಮಾರು 126° ಎಂದು ನಾನೇ ಕೊಟ್ಟೆ. 126/360 × 40,000 = 14,000 ಕಿ.ಮೀ. ಧ್ರುವದ ಮೇಲೆಯೇ ಹೋದರೆ? ಅದನ್ನು ಮಕ್ಕಳು ಅಕ್ಷಾಂಶಗಳಿಂದಲೇ ತೆಗೆದರು. ಬೆಂಗಳೂರು 13.2° ಉ., ಸ್ಯಾನ್ ಫ್ರಾನ್ಸಿಸ್ಕೊ 37.6° ಉ.; ಧ್ರುವದಿಂದ 76.8° ಮತ್ತು 52.4°, ಒಟ್ಟು 129.2°. ದೂರ ಸುಮಾರು 14,356 ಕಿ.ಮೀ. ರೇಖಾಂಶಗಳ ಅಂತರ ಸರಿಯಾಗಿ 180° ಇದ್ದಿದ್ದರೆ ಎರಡೂ ಉತ್ತರ ಒಂದೇ ಆಗುತ್ತಿದ್ದವು. ಇಲ್ಲಿರುವುದು ಸುಮಾರು 160°.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ತಂದದ್ದನ್ನು ಹೇಳಿದೆ. ಹುಡುಗಿ ಮತ್ತೆ ಕೈ ಎತ್ತಿದಳು: “ಅತಿ ಹತ್ತಿರದ ದಾರಿ ಬಿಟ್ಟು ಅವರು ಧ್ರುವದ ಮೇಲೆ ಯಾಕೆ ಬಂದರು ಮೇಡಂ?”

ಕೂತ್ಕೋ ಎನ್ನಲಿಲ್ಲ. ಎದುರುಗಾಳಿ, ಇಂಧನ, ಸಮಯ ಎಂಬ ಮೂರು ಪದಗಳನ್ನು ಹಲಗೆಯ ಮೇಲೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು.